ಪರದೆಯೋ, ಬಾಗಿಲೋ? ಬ್ರಿಟನ್ನಿನ ಟ್ರಯಲ್ ರೂಮ್ ವಿವಾದ

2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ನೀಡಿತು. 2010ರ ಸಮಾನತಾ ಕಾಯ್ದೆಯಲ್ಲಿ ಬರುವ ‘ಮಹಿಳೆ’ ಎಂಬ ಪದಕ್ಕೆ ಜೈವಿಕವಾಗಿ ಹೆಣ್ಣಾಗಿ ಹುಟ್ಟಿದವರು ಎಂಬುದೇ ಅರ್ಥ ಎಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಪ್ರಕರಣಕ್ಕೂ ಬಟ್ಟೆ ಅಂಗಡಿಗೂ ಯಾವ ಸಂಬಂಧವೂ ಇರಲಿಲ್ಲ. ಸ್ಕಾಟ್ಲೆಂಡಿನ ಸರ್ಕಾರಿ ಮಂಡಳಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಸಿಗಬೇಕೆಂಬ 2018ರ ಶಾಸನವೊಂದಿದೆ. ಆ ಅರ್ಧದ ಲೆಕ್ಕಕ್ಕೆ ಟ್ರಾನ್ಸ್ ಮಹಿಳೆಯರೂ (ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವರೂ) ಸೇರುತ್ತಾರೆಯೇ ಎಂಬುದಷ್ಟೇ ಕೋರ್ಟಿನ ಮುಂದಿದ್ದ ಪ್ರಶ್ನೆ. ಆದರೂ ತೀರ್ಪಿನ ಬೆನ್ನಲ್ಲೇ ಜನ ಕೇಳಿದ್ದು ಮಂಡಳಿಗಳ ಬಗ್ಗೆ ಅಲ್ಲ. ಶೌಚಾಲಯ, ಆಸ್ಪತ್ರೆಯ ವಾರ್ಡು, ಈಜುಕೊಳ, ಅಂಗಡಿಯ ಟ್ರಯಲ್ ರೂಮು, ಇವುಗಳಿಗೆ ಇನ್ನು ಯಾರು ಹೋಗಬಹುದು, ಯಾರು ಹೋಗಬಾರದು ಎಂಬುದೇ ಎಲ್ಲರ ಪ್ರಶ್ನೆಯಾಯಿತು.

ಒಂಬತ್ತು ದಿನಗಳಲ್ಲಿ ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಮಧ್ಯಂತರ ಮಾರ್ಗಸೂಚಿ ಹೊರಡಿಸಿತು. ಅಕ್ಟೋಬರಿನಲ್ಲಿ ಅದೇ ಮಾರ್ಗಸೂಚಿಯನ್ನು ತನ್ನ ಜಾಲತಾಣದಿಂದ ತೆಗೆದುಹಾಕಿತು. ಅದರ ಬದಲಿಗೆ ಸಿದ್ಧಪಡಿಸಿದ ಪೂರ್ಣ ಪ್ರಮಾಣದ ಸಂಹಿತೆ ಸೆಪ್ಟೆಂಬರಿನಲ್ಲೇ ಸಚಿವೆ ಬ್ರಿಜೆಟ್ ಫಿಲಿಪ್ಸನ್ ಅವರ ಕೈಸೇರಿತ್ತಾದರೂ ವರ್ಷ ಮುಗಿಯುವ ತನಕ ಸಂಸತ್ತಿನ ಮುಂದೆ ಬರಲಿಲ್ಲ. ಹೀಗಾಗಿ ‘ನಿಷೇಧ ಬಂತು’, ‘ನಿಷೇಧ ಹಿಂದೆ ಸರಿಯಿತು’, ‘ಅಂಗಡಿಗಳು ಕಾನೂನು ಪಾಲಿಸುತ್ತಿಲ್ಲ’ ಎಂಬ ಮೂರು ಬಗೆಯ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಮೂರರಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧ ಎಲ್ಲಿದೆ ಎಂದು ನೋಡಬೇಕಾದರೆ ಕಾನೂನಿನಿಂದ ಶುರುಮಾಡಿ ಟ್ರಯಲ್ ರೂಮಿನ ಬಾಗಿಲವರೆಗೆ ನಡೆದುಕೊಂಡು ಬರಬೇಕಾಗುತ್ತದೆ.

ಮೊದಲು ಪದಗಳ ತೊಡಕು

ಕನ್ನಡದಲ್ಲಿ ಈ ಸುದ್ದಿ ಓದುವವರಿಗೆ ಒಂದು ಹೆಚ್ಚುವರಿ ಕಷ್ಟವಿದೆ. ದೇಹದ ಗುರುತಿಗೂ, ವ್ಯಕ್ತಿ ತನ್ನನ್ನು ತಾನು ಗಂಡೆಂದೋ ಹೆಣ್ಣೆಂದೋ ಅರಿತುಕೊಳ್ಳುವ ಬಗೆಗೂ ನಮ್ಮಲ್ಲಿ ಬಹುಕಾಲ ಇದ್ದದ್ದು ‘ಲಿಂಗ’ ಎಂಬ ಒಂದೇ ಪದ. ಎರಡನೆಯದಕ್ಕೆ ‘ಲಿಂಗತ್ವ’ ಎಂಬ ಪದ ರೂಢಿಗೆ ಬಂದದ್ದು ಈಚೆಗೆ. ಬ್ರಿಟನ್ನಿನ ಕಾಯ್ದೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ರಕ್ಷಣೆಗಳಿವೆ. ಲಿಂಗದ ಕಾರಣಕ್ಕೆ ತಾರತಮ್ಯ ಮಾಡುವುದು ಒಂದು ತಪ್ಪು. ಲಿಂಗತ್ವ ಬದಲಾಯಿಸಿಕೊಂಡ, ಬದಲಾಯಿಸಿಕೊಳ್ಳುತ್ತಿರುವ ಕಾರಣಕ್ಕೆ ತಾರತಮ್ಯ ಮಾಡುವುದು ಇನ್ನೊಂದು ತಪ್ಪು. ಕೋರ್ಟ್ ಮೊದಲನೆಯದರ ಅರ್ಥವನ್ನು ಬಿಗಿ ಮಾಡಿತು, ಎರಡನೆಯದನ್ನು ಮುಟ್ಟಲಿಲ್ಲ. ಟ್ರಾನ್ಸ್ ಮಹಿಳೆಗೆ ಬಟ್ಟೆ ಮಾರುವುದಿಲ್ಲ ಎಂದು ಹೇಳಿದ ಅಂಗಡಿ ತೀರ್ಪಿನ ಹಿಂದಿನ ದಿನ ಹೇಗೆ ಕಾನೂನು ಮುರಿಯುತ್ತಿತ್ತೋ ತೀರ್ಪಿನ ಮರುದಿನವೂ ಹಾಗೆಯೇ ಮುರಿಯುತ್ತದೆ. ಇದು ಒಂದು ಗುಂಪಿನ ಮೇಲೆ ಇನ್ನೊಂದು ಗುಂಪಿನ ಗೆಲುವಲ್ಲ ಎಂದು ತೀರ್ಪು ಓದುವಾಗ ಲಾರ್ಡ್ ಹಾಡ್ಜ್ ಎಚ್ಚರಿಸಿದ್ದು ಈ ಹಿನ್ನೆಲೆಯಲ್ಲಿ. ಎಚ್ಚರಿಕೆಯನ್ನು ಕೇಳಿಸಿಕೊಂಡವರು ಕಡಿಮೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಬ್ರಿಟನ್ನಿನಲ್ಲಿ 2004ರ ಕಾನೂನೊಂದರ ಅಡಿ ಲಿಂಗತ್ವ ಮಾನ್ಯತಾ ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ 2002ರ ತೀರ್ಪೊಂದರ ಒತ್ತಡಕ್ಕೆ ಮಣಿದು ತಂದ ಕಾನೂನು ಅದು. ತೀರ್ಪಿನ ಹೊತ್ತಿಗೆ ವರದಿಯಾದಂತೆ ಆ ಪತ್ರ ಪಡೆದವರ ಸಂಖ್ಯೆ ಸುಮಾರು 8,500 ಅಷ್ಟೇ. ಅಂದರೆ ಬಹುಪಾಲು ಟ್ರಾನ್ಸ್ ವ್ಯಕ್ತಿಗಳ ಬಳಿ ಅಂಥ ಪತ್ರವೇ ಇಲ್ಲ, ಇದ್ದವರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದಿಲ್ಲ. ಪತ್ರ ಇದ್ದರೂ ಸಮಾನತಾ ಕಾಯ್ದೆಯ ಮಟ್ಟಿಗೆ ಲಿಂಗ ಬದಲಾಗದು ಎಂಬುದು ಕೋರ್ಟಿನ ನಿರ್ಣಯದ ತಿರುಳು.

ಅಂಗಡಿ ಕಾಯ್ದೆಯೊಳಗೆ ಮೊದಲಿನಿಂದಲೂ ಇತ್ತು

ಸೇವೆಗಳನ್ನು ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆಯಾಗಿ ಕೊಡುವುದು ಸಾಮಾನ್ಯವಾಗಿ ತಾರತಮ್ಯವೇ. ಅದಕ್ಕೆ ಕಾಯ್ದೆಯ ಮೂರನೆಯ ಅನುಸೂಚಿ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಒಂದೇ ಹೊತ್ತಿಗೆ ಇಬ್ಬರು ಅಥವಾ ಹೆಚ್ಚು ಮಂದಿ ಬಳಸುವ ಜಾಗವಾಗಿದ್ದು, ಒಂದು ಲಿಂಗದವರು ಇನ್ನೊಂದು ಲಿಂಗದವರ ಇರುವಿಕೆಗೆ ನ್ಯಾಯವಾಗಿಯೇ ಆಕ್ಷೇಪಿಸಬಹುದಾದ ಸಂದರ್ಭವಿದ್ದರೆ ಬೇರ್ಪಡಿಸಬಹುದು. ಆದರೆ ಆ ಕ್ರಮ ಸಾಧಿಸಹೊರಟ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಇದಕ್ಕೆ ಕಾಯ್ದೆಯ ವಿವರಣಾ ಟಿಪ್ಪಣಿ ಕೊಡುವ ಉದಾಹರಣೆಗಳಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರಿನ ಪ್ರತ್ಯೇಕ ಟ್ರಯಲ್ ರೂಮುಗಳೂ ಒಂದು. ಹಾಗಾಗಿ ‘ಅಂಗಡಿಯನ್ನು ಈ ಜಗಳಕ್ಕೆ ಎಳೆದು ತಂದರು’ ಎನ್ನುವ ಮಾತು ಪೂರ್ತಿ ಸರಿಯಲ್ಲ.

ಬದಲಾದದ್ದು ಆ ವಿನಾಯಿತಿಯನ್ನು ಓದುವ ರೀತಿ. ಇದೇ ಆಯೋಗ 2011ರಲ್ಲಿ ಹೊರಡಿಸಿದ ಸಂಹಿತೆಯಲ್ಲಿ, ಸೇವೆ ಕೊಡುವವರು ಟ್ರಾನ್ಸ್ ವ್ಯಕ್ತಿಗಳನ್ನು ಅವರು ಯಾವ ರೂಪದಲ್ಲಿ ಬದುಕುತ್ತಿದ್ದಾರೋ ಅದರಂತೆ ನಡೆಸಿಕೊಳ್ಳಬೇಕು, ಹೊರಗಿಡುವುದಾದರೆ ಸಂದರ್ಭ ನೋಡಿ ಪ್ರಬಲ ಕಾರಣ ಕೊಡಬೇಕು ಎಂಬ ಸಲಹೆ ಇತ್ತು. ದೊಡ್ಡ ಅಂಗಡಿಗಳು ಹದಿನಾಲ್ಕು ವರ್ಷ ನಡೆದುಕೊಂಡದ್ದು ಈ ಸಲಹೆಯ ನೆರಳಿನಲ್ಲಿ. ಅಂದರೆ ಆ ಅಂಗಡಿಗಳು ಯಾವುದೋ ಚಳವಳಿಯ ಮಾತು ಕೇಳಿ ಕಾನೂನನ್ನು ಬದಿಗಿಟ್ಟಿದ್ದವು ಎನ್ನುವುದು ಅನ್ಯಾಯವಾಗುತ್ತದೆ. ಕಾನೂನನ್ನು ವಿವರಿಸಬೇಕಾದ ಸಂಸ್ಥೆಯೇ ಅಂದು ಹಾಗೆ ವಿವರಿಸಿತ್ತು.

2025ರ ಮಧ್ಯಂತರ ಮಾರ್ಗಸೂಚಿ ಇದನ್ನು ತಿರುಗಿಸಿ ಹಾಕಿತು. ಮಹಿಳೆಯರಿಗೆಂದು ಮೀಸಲಿಟ್ಟ ಸೌಲಭ್ಯಕ್ಕೆ ಟ್ರಾನ್ಸ್ ಮಹಿಳೆಯರನ್ನು ಬಿಟ್ಟರೆ ಅದು ಕಾನೂನಿನ ದೃಷ್ಟಿಯಲ್ಲಿ ಮಹಿಳೆಯರ ಸೌಲಭ್ಯವಾಗಿ ಉಳಿಯುವುದೇ ಇಲ್ಲ ಎಂಬುದು ಅದರ ತರ್ಕ. ಜೈವಿಕ ಅರ್ಥದಲ್ಲಿ ಪುರುಷರಾದ ಕೆಲವರನ್ನು ಬಿಟ್ಟು ಉಳಿದವರನ್ನು ತಡೆದರೆ, ತಡೆಯಲ್ಪಟ್ಟವನು ‘ನನ್ನನ್ನು ಮಾತ್ರ ಏಕೆ ತಡೆದಿರಿ’ ಎಂದು ಕೇಳಬಹುದಲ್ಲ. ಜೊತೆಗೆ ಅದೇ ಮಾರ್ಗಸೂಚಿಯಲ್ಲಿ ಸುದ್ದಿಯ ತಲೆಬರಹಗಳಿಗೆ ಬರದ ಮೂರು ಮಾತುಗಳಿದ್ದವು. ಟ್ರಾನ್ಸ್ ವ್ಯಕ್ತಿಗಳಿಗೆ ಬಳಸಲು ಯಾವ ಸೌಲಭ್ಯವೂ ಇಲ್ಲದ ಸ್ಥಿತಿ ಉಂಟಾಗಬಾರದು. ಸಾರ್ವಜನಿಕರಿಗೆ ಸೇವೆ ಕೊಡುವವರು ಗಂಡು–ಹೆಣ್ಣೆಂದು ಬೇರ್ಪಡಿಸಲೇಬೇಕೆಂಬ ನಿಯಮವಿಲ್ಲ, ಆದರೆ ಎಲ್ಲವನ್ನೂ ಬೆರೆಸಿದರೆ ಅದೇ ಮಹಿಳೆಯರಿಗೆ ಪರೋಕ್ಷ ತಾರತಮ್ಯವಾಗಲೂಬಹುದು. ಕೊನೆಯದು ಬಹಳ ಮುಖ್ಯ: ಒಬ್ಬರೇ ಬಳಸುವ, ಒಳಗಿನಿಂದ ಚಿಲಕ ಹಾಕುವ ಪೂರ್ಣ ಕೋಣೆಯಾಗಿದ್ದರೆ ಅದನ್ನು ಯಾರು ಬೇಕಾದರೂ ಬಳಸಬಹುದು. ಕೋಣೆ ಎಂದರೆ ಕೋಣೆ. ಸಾಲಿನಲ್ಲಿ ನಿಲ್ಲಿಸಿದ ಅರೆಗೋಡೆಯ ಗೂಡು ಅಲ್ಲ.

ಗೂಡು, ಪರದೆ, ಕನ್ನಡಿ

ಈ ವಿವಾದದ ಬಗ್ಗೆ ಮಾತಾಡುವವರೆಲ್ಲ ಒಂದೇ ಟ್ರಯಲ್ ರೂಮನ್ನು ಕಣ್ಣಮುಂದೆ ಇಟ್ಟುಕೊಂಡಿರುವುದಿಲ್ಲ. ಒಬ್ಬರ ಮನಸ್ಸಿನಲ್ಲಿ ನೆಲದಿಂದ ಚಾವಣಿಯವರೆಗೆ ಗೋಡೆಯಿರುವ, ಗಟ್ಟಿ ಬಾಗಿಲಿನ ಕೋಣೆ ಇದೆ. ಇನ್ನೊಬ್ಬರ ಮನಸ್ಸಿನಲ್ಲಿ ಪರದೆ ಇದೆ. ಆ ಪರದೆ ಎರಡೂ ಬದಿಯ ಗೋಡೆಗೆ ಪೂರ್ತಿ ತಾಗುವುದಿಲ್ಲ. ಎಡಕ್ಕೆ ಎಳೆದರೆ ಬಲಕ್ಕೆ ಎರಡು ಬೆರಳಿನಷ್ಟು ಸಂದಿ ಉಳಿಯುತ್ತದೆ, ಬಲಕ್ಕೆ ಎಳೆದರೆ ಎಡಕ್ಕೆ. ಹೊರಗೆ ಕಿರಿದಾದ ಓಣಿ, ಓಣಿಯ ತುದಿಯಲ್ಲಿ ದೊಡ್ಡ ಕನ್ನಡಿ. ಬೆನ್ನಿನ ಜಿಪ್ ಏರದವರು ಉಡುಪನ್ನು ಕೈಯಲ್ಲೇ ಒತ್ತಿ ಹಿಡಿದುಕೊಂಡು ಅಲ್ಲಿಗೆ ಬಂದು ಗೆಳತಿಯನ್ನು ಕರೆಯುತ್ತಾರೆ. ಮೈಮೇಲೆ ಅರ್ಧ ಬಟ್ಟೆಯಿರುವ ಹೊತ್ತಿನಲ್ಲೇ ಇನ್ನೊಬ್ಬರ ಎದುರು ಬರುವ ಈ ಓಣಿಯೇ ನಿಜವಾದ ವಿವಾದದ ಜಾಗ. 1970–80ರ ದಶಕದಲ್ಲಿ ಬ್ರಿಟನ್ನಿನ ಎಷ್ಟೋ ಫ್ಯಾಷನ್ ಅಂಗಡಿಗಳಲ್ಲಿ ಗೂಡುಗಳೂ ಇರಲಿಲ್ಲ, ಸುತ್ತ ಕನ್ನಡಿ ಹಾಕಿದ ಒಂದು ಹಾಲಿನಲ್ಲಿ ಎಲ್ಲ ಹೆಂಗಸರೂ ಒಟ್ಟಿಗೆ ಬಟ್ಟೆ ಬದಲಿಸುತ್ತಿದ್ದರು. ‘ಹೆಂಗಸರಿಗೆ ಮಾತ್ರ’ ಎಂಬ ಬೋರ್ಡಿಗೆ ಆಗ ಇದ್ದ ಭಾರ ಚಿಲಕವಿರುವ ಕೋಣೆಯ ಮುಂದಿನ ಬೋರ್ಡಿಗೆ ಇರಲು ಸಾಧ್ಯವಿಲ್ಲ.

2017ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನ ಟಾಪ್‌ಶಾಪ್ ಮಳಿಗೆಯಲ್ಲಿ ಟ್ರಾನ್ಸ್ ಕಲಾವಿದರೊಬ್ಬರಿಗೆ ಮಹಿಳೆಯರ ಟ್ರಯಲ್ ರೂಮು ಬಳಸಲು ಬಿಡಲಿಲ್ಲ ಎಂಬ ದೂರು ಎದ್ದಾಗ, ಗ್ರಾಹಕರು ತಮಗೆ ಬೇಕಾದ ಟ್ರಯಲ್ ರೂಮನ್ನು ಬಳಸಬಹುದು ಎಂದು ಕಂಪನಿ ಹೇಳಿತು. ಒಂದು ವರ್ಗ ಮೆಚ್ಚಿತು, ಇನ್ನೊಂದು ವರ್ಗ ಸಿಟ್ಟಿಗೆದ್ದಿತು. 2022ರಲ್ಲಿ ಕೇಂಬ್ರಿಜ್‌ನ ಪ್ರೈಮಾರ್ಕ್ ಮಳಿಗೆಯಲ್ಲಿ ನಡೆದದ್ದು ಬೇರೆ ಬಗೆಯದು. ಗಂಡು–ಹೆಣ್ಣಿನ ಭೇದವಿಲ್ಲದ ಟ್ರಯಲ್ ರೂಮಿನಲ್ಲಿ ತಾನು ಬಟ್ಟೆ ಬದಲಿಸುತ್ತಿದ್ದಾಗ ಇಬ್ಬರು ಗಂಡಸರು ಒಳಬಂದರೆಂದು ಮಹಿಳೆಯೊಬ್ಬರು ಸಾರ್ವಜನಿಕವಾಗಿ ಹೇಳಿಕೊಂಡರು. ಇವರಿಬ್ಬರು ಟ್ರಾನ್ಸ್ ವ್ಯಕ್ತಿಗಳೆಂದು ಆಕೆ ಹೇಳಲಿಲ್ಲ. ಆದರೂ ಆ ಘಟನೆ ಇಂದಿಗೂ ಟ್ರಾನ್ಸ್ ಚರ್ಚೆಯ ಖಾತೆಗೇ ಜಮೆಯಾಗುತ್ತದೆ. ಎರಡು ಬೇರೆ ನಿರ್ಧಾರಗಳನ್ನು ಒಂದೆಂದು ತಿಳಿದದ್ದೇ ಇದಕ್ಕೆ ಕಾರಣ. ಮಹಿಳೆಯರ ಕೋಣೆಗೆ ಟ್ರಾನ್ಸ್ ಮಹಿಳೆಯರನ್ನೂ ಸೇರಿಸಿಕೊಳ್ಳುವುದು ಒಂದು ನಿರ್ಧಾರ. ಮಹಿಳೆಯರ ಕೋಣೆಯೆಂಬುದನ್ನೇ ತೆಗೆದು ಎಲ್ಲರಿಗೂ ಒಂದೇ ಸಾಲು ಮಾಡುವುದು ಇನ್ನೊಂದು. ಎರಡನೆಯದರಿಂದ ಅಂಗಡಿಗೆ ಜಾಗ ಉಳಿಯುತ್ತದೆ, ಬಾಗಿಲಲ್ಲಿ ಇಬ್ಬರ ಬದಲು ಒಬ್ಬ ಸಿಬ್ಬಂದಿ ಸಾಕಾಗುತ್ತಾರೆ. ಉಳಿತಾಯದ ಲೆಕ್ಕಕ್ಕೆ ಒಳಗೊಳ್ಳುವಿಕೆಯ ಬಣ್ಣ ಹಚ್ಚಿದಾಗ ಅದರ ಸಿಟ್ಟನ್ನು ಹೊರಬೇಕಾಗಿ ಬರುವುದು ಆ ನಿರ್ಧಾರದಲ್ಲಿ ಪಾತ್ರವೇ ಇಲ್ಲದ ಟ್ರಾನ್ಸ್ ವ್ಯಕ್ತಿಗಳು.

ಅಮೆರಿಕದ ಹಳೆಯ ಪಾಠ

ಈ ಜಗಳಕ್ಕೆ ಮೊದಲು ದೊಡ್ಡ ಬೆಲೆ ತೆತ್ತ ಕಂಪನಿ ಅಮೆರಿಕದ ಸರಪಳಿ ಅಂಗಡಿ ಟಾರ್ಗೆಟ್. 2016ರ ಮಾರ್ಚ್‌ನಲ್ಲಿ ಉತ್ತರ ಕೆರೊಲೈನಾ ರಾಜ್ಯ, ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದ ಲಿಂಗಕ್ಕೆ ಹೊಂದುವ ಶೌಚಾಲಯವನ್ನೇ ಬಳಸಬೇಕೆಂಬ ಕಾನೂನು ತಂದಿತು. ಅದಕ್ಕೆ ಉತ್ತರವೆಂಬಂತೆ ಏಪ್ರಿಲ್ 19ರಂದು ಟಾರ್ಗೆಟ್, ಗ್ರಾಹಕರೂ ಸಿಬ್ಬಂದಿಯೂ ತಮ್ಮ ಲಿಂಗತ್ವಕ್ಕೆ ಹೊಂದುವ ಶೌಚಾಲಯ ಮತ್ತು ಟ್ರಯಲ್ ರೂಮುಗಳನ್ನು ಬಳಸಬಹುದು ಎಂದು ಪ್ರಕಟಿಸಿತು. ಹೊಸ ನಿಯಮವೇನೂ ಅಲ್ಲ, ಇದ್ದ ಪದ್ಧತಿಯನ್ನೇ ಬರೆದು ಹೇಳಿದ್ದು. ಅಮೆರಿಕನ್ ಫ್ಯಾಮಿಲಿ ಅಸೋಸಿಯೇಷನ್ ಎಂಬ ಸಂಪ್ರದಾಯವಾದಿ ಸಂಘಟನೆ ಕೊಟ್ಟ ಬಹಿಷ್ಕಾರದ ಕರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆ ವರ್ಷ ವ್ಯಾಪಾರ ತಗ್ಗಿದ್ದಕ್ಕೆ ಬಹಿಷ್ಕಾರ ಎಷ್ಟು ಕಾರಣ, ಆನ್‌ಲೈನ್ ಪೈಪೋಟಿ ಎಷ್ಟು ಕಾರಣ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಆದರೆ ಕಂಪನಿಯ ಮುಂದಿನ ಹೆಜ್ಜೆ ಮಾತ್ರ ಸ್ಪಷ್ಟವಾಗಿತ್ತು: ಆಗಸ್ಟ್‌ನಲ್ಲಿ ಅದು ಎರಡು ಕೋಟಿ ಡಾಲರ್ ವೆಚ್ಚದಲ್ಲಿ, ಒಬ್ಬರೇ ಬಳಸುವ ಚಿಲಕದ ಶೌಚಾಲಯ ಇಲ್ಲದ ಮಳಿಗೆಗಳಲ್ಲೆಲ್ಲ ಅದನ್ನು ಕಟ್ಟಿಸುವುದಾಗಿ ಹೇಳಿತು. ನೀತಿಯನ್ನೂ ಹಿಂದಕ್ಕೆ ಪಡೆಯಲಿಲ್ಲ, ವಾದವನ್ನೂ ಬೆಳೆಸಲಿಲ್ಲ, ಗೋಡೆ ಕಟ್ಟಿಸಿತು. ಇತ್ತ ಉತ್ತರ ಕೆರೊಲೈನಾ ಕೂಡ ಒಂದು ವರ್ಷದಲ್ಲಿ ತನ್ನ ಕಾನೂನಿನ ಮುಖ್ಯ ಭಾಗವನ್ನು ರದ್ದು ಮಾಡಬೇಕಾಯಿತು.

ಮಹಿಳೆಯರ ಆಕ್ಷೇಪ ಏನು

ಪ್ರತ್ಯೇಕ ಕೋಣೆ ಬೇಕೆನ್ನುವ ಮಹಿಳೆಯರ ವಾದವನ್ನು ‘ಟ್ರಾನ್ಸ್ ಮಹಿಳೆಯರ ಬಗೆಗಿನ ಭಯ’ ಎಂದು ಸಂಕ್ಷೇಪಿಸಿದರೆ ಅದು ಅರ್ಥವಾಗದೆ ಉಳಿಯುತ್ತದೆ. ಅವರಲ್ಲಿ ಹೆಚ್ಚಿನವರ ತಕರಾರು ನಿಯಮದ ಸ್ವರೂಪದ ಬಗ್ಗೆ. ವ್ಯಕ್ತಿಯ ಮಾತೇ ಅಂತಿಮವಾದರೆ ಪುರುಷರಂತೆ ಕಾಣುವ ಯಾರನ್ನೇ ಆಗಲಿ ಸಿಬ್ಬಂದಿ ತಡೆಯಲು ಹಿಂಜರಿಯುತ್ತಾರೆ, ಆ ಹಿಂಜರಿಕೆಯ ಲಾಭ ಪಡೆಯುವವರು ಟ್ರಾನ್ಸ್ ಮಹಿಳೆಯರೇ ಆಗಬೇಕೆಂದಿಲ್ಲ ಎಂಬುದು ಅವರ ಮುಖ್ಯ ಮಾತು. ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ, ಪರಪುರುಷರ ಎದುರು ಮೈ ತೋರದಿರುವುದನ್ನು ಧರ್ಮದ ಭಾಗವಾಗಿ ಪಾಲಿಸುವ ಮುಸ್ಲಿಂ ಮತ್ತು ಸಂಪ್ರದಾಯಸ್ಥ ಯಹೂದಿ ಮಹಿಳೆಯರಿಗೆ, ಮೊದಲ ಬಾರಿ ಬ್ರಾ ಕೊಳ್ಳಲು ಬಂದ ಹದಿಮೂರರ ಹುಡುಗಿಗೆ ‘ನಿಜವಾದ ಅಪಾಯ ಎಷ್ಟು’ ಎಂಬ ಅಂಕಿಅಂಶದಿಂದ ಸಮಾಧಾನ ಆಗುವುದಿಲ್ಲ. ಅವರು ಕೇಳುತ್ತಿರುವುದು ಸುರಕ್ಷತೆಯನ್ನಷ್ಟೇ ಅಲ್ಲ, ಮುಜುಗರವಿಲ್ಲದ ಏಕಾಂತವನ್ನು. ಈ ಬೇಡಿಕೆಗೆ ಬಾಗಿಲು ಬಹುಪಾಲು ಉತ್ತರ ಕೊಡಬಲ್ಲದು. ಎಲ್ಲ ಉತ್ತರವನ್ನೂ ಕೊಡಲಾರದು, ಏಕೆಂದರೆ ಬ್ರಾ ಅಳತೆ ನೋಡುವಂಥ ಸೇವೆಯಲ್ಲಿ ಕೋಣೆಯೊಳಗೆ ಸಿಬ್ಬಂದಿಯೂ ಇರುತ್ತಾರೆ.

ಟ್ರಾನ್ಸ್ ವ್ಯಕ್ತಿಗಳ ಆಕ್ಷೇಪ ಏನು

ಇತ್ತ ಟ್ರಾನ್ಸ್ ವ್ಯಕ್ತಿಗಳು ಹೇಳುವುದು ಇಷ್ಟು. ಇಪ್ಪತ್ತು ವರ್ಷಗಳಿಂದ ಹೆಣ್ಣಾಗಿ ಬದುಕುತ್ತಾ ಹೆಣ್ಣುಮಕ್ಕಳ ಬಟ್ಟೆಯನ್ನೇ ಕೊಳ್ಳುತ್ತಿರುವವರನ್ನು ಸೀರೆಯನ್ನೋ ಫ್ರಾಕನ್ನೋ ಕೈಯಲ್ಲಿ ಹಿಡಿಸಿ ಗಂಡಸರ ಟ್ರಯಲ್ ರೂಮಿನ ಸಾಲಿಗೆ ಕಳಿಸಿದರೆ, ಅಲ್ಲಿರುವವರಿಗೆಲ್ಲ ಅವರ ಖಾಸಗಿ ವಿಷಯವನ್ನು ಡಂಗುರ ಸಾರಿದಂತೆ. ಹಲ್ಲೆಯ ಭೀತಿ ಅಲ್ಲಿ ನಿಜವಾದದ್ದು. ಇನ್ನು ಟ್ರಾನ್ಸ್ ಪುರುಷರ ವಿಷಯದಲ್ಲಿ ನಿಯಮ ತಲೆಕೆಳಗಾಗುತ್ತದೆ. ಹೆಣ್ಣಾಗಿ ಹುಟ್ಟಿ, ಹಾರ್ಮೋನ್ ಚಿಕಿತ್ಸೆಯಿಂದ ಗಡ್ಡ ಬೆಳೆದು ದನಿ ಒಡೆದವರು ಜೈವಿಕ ಲಿಂಗದ ಪ್ರಕಾರ ಹೋಗಬೇಕಾದದ್ದು ಹೆಂಗಸರ ಕೋಣೆಗೆ. ಹಾಗೆ ಹೋದರೆ ಒಳಗಿನ ಹೆಂಗಸರು ಗಾಬರಿಯಾಗುವುದು ಖಚಿತ. ಅದನ್ನು ಮನಗಂಡೇ ಮಾರ್ಗಸೂಚಿ, ಕೆಲವು ಸಂದರ್ಭಗಳಲ್ಲಿ ಇವರನ್ನು ಹೆಂಗಸರ ಕೋಣೆಯಿಂದಲೂ ಹೊರಗಿಡಬಹುದು ಎಂದಿತ್ತು. ಹಾಗಾದರೆ ಎರಡೂ ಕಡೆ ಸಲ್ಲದವರು ಎಲ್ಲಿಗೆ ಹೋಗಬೇಕು? ಮೂರನೆಯ ಕೋಣೆಗೆ. ಮೂರನೆಯ ಕೋಣೆ ಇಲ್ಲದ ಅಂಗಡಿಯಲ್ಲಿ, ಯಾವ ಸೌಲಭ್ಯವೂ ಇಲ್ಲದ ಸ್ಥಿತಿ ಬರಬಾರದು ಎಂಬ ಮಾರ್ಗಸೂಚಿಯ ಸಾಲು ಕಾಗದದ ಮೇಲಿನ ಭರವಸೆಯಾಗಿಯೇ ಉಳಿಯುತ್ತದೆ.

ತೀರ್ಪಿನ ಪ್ರಕ್ರಿಯೆಯ ಬಗ್ಗೆಯೂ ಅವರಿಗೆ ಅಸಮಾಧಾನವಿದೆ. ತಮ್ಮನ್ನೂ ಆಲಿಸಬೇಕೆಂದು ಕೋರಿದ್ದ, ಸ್ವತಃ ಟ್ರಾನ್ಸ್ ಮಹಿಳೆಯಾದ ನಿವೃತ್ತ ನ್ಯಾಯಾಧೀಶೆ ವಿಕ್ಟೋರಿಯಾ ಮೆಕ್‌ಕ್ಲೌಡ್ ಅವರಿಗೆ ಕೋರ್ಟ್ ಅವಕಾಶ ಕೊಡಲಿಲ್ಲ. ಆಮ್ನೆಸ್ಟಿಯಂಥ ಮಾನವ ಹಕ್ಕುಗಳ ಸಂಸ್ಥೆ ವಾದ ಮಂಡಿಸಿತಾದರೂ, ಯಾರ ಬದುಕಿನ ಬಗ್ಗೆ ಚರ್ಚೆ ನಡೆಯಿತೋ ಅವರ ದನಿ ಒಳಗೆ ಇರಲಿಲ್ಲ ಎಂಬುದು ದೂರು.

ಅಂಕಿಗಳು ಎಷ್ಟು ಭಾರ ಹೊರಬಲ್ಲವು

ಎರಡೂ ಕಡೆಯವರ ಬಳಿ ಅಂಕಿಗಳಿವೆ, ಎರಡನ್ನೂ ಎಚ್ಚರದಿಂದ ಓದಬೇಕು. 2018ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಮಾಹಿತಿ ಹಕ್ಕಿನಡಿ ಪಡೆದ ದಾಖಲೆಗಳ ಪ್ರಕಾರ, ಸಾರ್ವಜನಿಕ ಈಜುಕೊಳ ಮತ್ತು ಕ್ರೀಡಾ ಕೇಂದ್ರಗಳ ಬಟ್ಟೆ ಬದಲಿಸುವ ಕೋಣೆಗಳಿಗೆ ಸಂಬಂಧಿಸಿದ 134 ಲೈಂಗಿಕ ದೌರ್ಜನ್ಯದ ದೂರುಗಳಲ್ಲಿ 120 ಬಂದದ್ದು ಗಂಡು–ಹೆಣ್ಣು ಬೆರೆತ ಕೋಣೆಗಳಿಂದ. ಇದು ಬೆರೆತ ಕೋಣೆಗಳ ವಿರುದ್ಧದ ಮಾತೇ ಹೊರತು ಟ್ರಾನ್ಸ್ ವ್ಯಕ್ತಿಗಳ ವಿರುದ್ಧದ್ದಲ್ಲ. ಇನ್ನೊಂದೆಡೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಲಿಂಗತ್ವದ ಆಧಾರದ ಮೇಲೆ ಪ್ರವೇಶ ಕೊಡುವ ಸ್ಥಳೀಯ ನಿಯಮಗಳಿದ್ದ ಊರುಗಳನ್ನೂ ಇಲ್ಲದ ಊರುಗಳನ್ನೂ ಹೋಲಿಸಿ 2018ರಲ್ಲಿ ಪ್ರಕಟವಾದ ವಿಲಿಯಮ್ಸ್ ಇನ್‌ಸ್ಟಿಟ್ಯೂಟಿನ ಅಧ್ಯಯನ, ಅಂಥ ನಿಯಮಗಳಿಗೂ ಅಪರಾಧಗಳ ಸಂಖ್ಯೆಗೂ ಸಂಬಂಧ ಕಾಣಲಿಲ್ಲ ಎಂದಿತು. ಇದು ಟ್ರಾನ್ಸ್ ಮಹಿಳೆಯರನ್ನು ಸೇರಿಸಿಕೊಳ್ಳುವ ನಿಯಮದ ಪರವಾದ ಮಾತೇ ಹೊರತು ಎಲ್ಲವನ್ನೂ ಬೆರೆಸುವುದರ ಪರವಾದದ್ದಲ್ಲ. ಎರಡೂ ಅಂಕಿಗಳು ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು.

ಎಷ್ಟು ಜನರ ವಿಷಯ ಇದು ಎಂಬುದರಲ್ಲೂ ತಕರಾರಿದೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 2,62,000 ಮಂದಿ, ಅಂದರೆ ಶೇ 0.5ರಷ್ಟು ಜನ, ತಮ್ಮ ಲಿಂಗತ್ವ ಹುಟ್ಟಿನಲ್ಲಿ ದಾಖಲಾದ ಲಿಂಗಕ್ಕಿಂತ ಬೇರೆ ಎಂದರು. ಪ್ರಶ್ನೆಯ ಭಾಷೆಯೇ ತೊಡಕಿನದಾಗಿತ್ತು, ಇಂಗ್ಲಿಷ್ ಚೆನ್ನಾಗಿ ಬಾರದವರಲ್ಲಿ ಕೆಲವರು ತಪ್ಪಾಗಿ ಹೌದೆಂದಿರಬಹುದು ಎಂಬ ಅನುಮಾನದಿಂದ 2024ರಲ್ಲಿ ಆ ಅಂಕಿಗೆ ಇದ್ದ ಅಧಿಕೃತ ಮಾನ್ಯತೆಯ ದರ್ಜೆಯನ್ನು ಇಳಿಸಲಾಯಿತು.

ಬಾಗಿಲಲ್ಲಿ ನಿಂತವರ ಪಾಡು

ಕಾನೂನು ಏನೇ ಹೇಳಲಿ, ಅದನ್ನು ಜಾರಿ ಮಾಡಬೇಕಾದವರು ಯಾರು? ಟ್ರಯಲ್ ರೂಮಿನ ಬಾಯಲ್ಲಿ ನಿಂತು, ಒಳಗೆ ಹೋಗುವ ಬಟ್ಟೆ ಎಣಿಸಿ, ಐದಿದ್ದರೆ ಐದೆಂದು ಬರೆದ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು, ಹೊರಬಂದಾಗ ಮತ್ತೆ ಎಣಿಸುವ ಸಿಬ್ಬಂದಿ. ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಲು ಅವಕಾಶವಿರುವ ಹೊರದೇಶದ ಹುಡುಗ ಹುಡುಗಿಯರು, ನಮ್ಮ ಕಡೆಯಿಂದ ಹೋದವರೂ ಸೇರಿ, ಮಾಡುವ ಕೆಲಸಗಳಲ್ಲಿ ಇದೂ ಒಂದು. ಅವರನ್ನು ಅಲ್ಲಿ ನಿಲ್ಲಿಸಿರುವುದು ಕಳ್ಳತನ ತಡೆಯಲು. ಎದುರಿಗೆ ಬಂದವರ ಹುಟ್ಟು ಲಿಂಗ ಯಾವುದೆಂದು ನಿರ್ಧರಿಸಲು ಅವರ ಬಳಿ ಇರುವ ಸಾಧನ ಕಣ್ಣೊಂದೇ.

ಕಣ್ಣು ಎಷ್ಟು ಎಡವುತ್ತದೆ ಎಂಬುದಕ್ಕೆ 2025ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿನ ಹೋಟೆಲೊಂದರಲ್ಲಿ ನಡೆದದ್ದು ಸಾಕ್ಷಿ. ಹೆಣ್ಣಾಗಿಯೇ ಹುಟ್ಟಿದ ಮಹಿಳೆಯೊಬ್ಬರನ್ನು ಗಂಡಸೆಂದು ಭಾವಿಸಿ ಕಾವಲುಗಾರ ಮಹಿಳೆಯರ ಶೌಚಾಲಯದಿಂದ ಹೊರಬರಲು ಹೇಳಿದ್ದ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್, ತನ್ನ ಒಳಉಡುಪಿನ ವಿಭಾಗದಲ್ಲಿ ಹದಿಹರೆಯದ ಮಗಳೊಂದಿಗಿದ್ದ ತಾಯಿಯೊಬ್ಬರ ದೂರಿಗೆ ಕ್ಷಮೆ ಕೇಳಿತು. ಸಿಬ್ಬಂದಿಯೊಬ್ಬರು ‘ಏನಾದರೂ ಸಹಾಯ ಬೇಕೆ’ ಎಂದು ಕೇಳಿದ್ದು, ಅವರು ಟ್ರಾನ್ಸ್ ಎಂದು ತಾಯಿಗೆ ಅನಿಸಿದ್ದು ದೂರಿನ ಸಾರ. ಅದಕ್ಕೆ ಆಧಾರವಾಗಿ ಹೇಳಿದ್ದರಲ್ಲಿ ಆ ವ್ಯಕ್ತಿಯ ಎತ್ತರವೂ ಸೇರಿತ್ತು. ಕ್ಷಮೆ ಕೇಳಿದ್ದು ಸಾಲದೆಂದು ಒಂದು ಕಡೆಯವರು, ಕ್ಷಮೆ ಕೇಳಿದ್ದೇ ತಪ್ಪೆಂದು ಇನ್ನೊಂದು ಕಡೆಯವರು ಬಹಿಷ್ಕಾರದ ಮಾತಾಡಿದರು. ಅಂಗಡಿಗಳು ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾಗಿರುವುದು ಹೀಗೆ.

ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸಮಾನತಾ ಕಾಯ್ದೆ ಕಟ್ಟಿಹಾಕುವುದು ಸೇವೆ ಕೊಡುವವರನ್ನು, ಗ್ರಾಹಕರನ್ನಲ್ಲ. ಮಹಿಳೆಯರ ಟ್ರಯಲ್ ರೂಮಿಗೆ ಕಾಲಿಟ್ಟ ಮಾತ್ರಕ್ಕೆ ಟ್ರಾನ್ಸ್ ಮಹಿಳೆ ಅಪರಾಧಿಯಾಗುವುದಿಲ್ಲ, ಪೊಲೀಸರು ಬರುವುದಿಲ್ಲ. ಇಣುಕುವುದು, ಚಿತ್ರ ತೆಗೆಯುವುದು ಬೇರೆಯೇ ಕಾನೂನಿನಡಿ ಯಾರು ಮಾಡಿದರೂ ಅಪರಾಧ. ತನಗೆ ತಾರತಮ್ಯವಾಯಿತು ಎನ್ನುವವರು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಅಂಗಡಿಯ ಮೇಲೆ ದಾವೆ ಹೂಡಬೇಕು. ಹೊರಗಿಟ್ಟದ್ದಕ್ಕೆ ಟ್ರಾನ್ಸ್ ಮಹಿಳೆ ಹೂಡಬಹುದು, ಒಳಗೆ ಬಿಟ್ಟದ್ದಕ್ಕೆ ಇನ್ನೊಬ್ಬ ಗ್ರಾಹಕಿಯೂ ಹೂಡಬಹುದು. ನಿಯಮಕ್ಕಿಂತ ಹೆಚ್ಚಾಗಿ ಈ ಎರಡಲಗಿನ ಖರ್ಚಿನ ಭಯವೇ ಕಂಪನಿಗಳ ನಡೆಯನ್ನು ನಿರ್ಧರಿಸುತ್ತಿದೆ.

ನಮ್ಮ ಅಂಗಡಿಗಳಲ್ಲಿ ಈ ಜಗಳ ಏಕಿಲ್ಲ

ನಮ್ಮ ಪೇಟೆಬೀದಿಯ ರೆಡಿಮೇಡ್ ಅಂಗಡಿಯಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಟ್ರಯಲ್ ರೂಮು. ಮೂಲೆಯಲ್ಲೊಂದು ಪ್ಲೈವುಡ್ ಬಾಗಿಲು, ಒಳಗೆ ಚಿಲಕ, ಗೋಡೆಗೆ ಮೊಳೆ. ಅಪ್ಪನೂ ಮಗಳೂ ಸರದಿಯಂತೆ ಅದನ್ನೇ ಬಳಸುತ್ತಾರೆ. ಹೀಗಾಗಿ ನಮ್ಮಲ್ಲಿ ಟ್ರಯಲ್ ರೂಮಿನ ಆತಂಕವೆಂದರೆ ಅಡಗಿಸಿಟ್ಟ ಕ್ಯಾಮೆರಾ. 2015ರಲ್ಲಿ ಗೋವಾದ ಅಂಗಡಿಯೊಂದರಲ್ಲಿ ಆಗಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ ಅಂಥದೊಂದು ದೂರು ಎತ್ತಿದಾಗ ದೇಶವೆಲ್ಲ ಮಾತಾಡಿದ್ದು ಅದರ ಬಗ್ಗೆಯೇ.

2011ರ ಜನಗಣತಿಯಲ್ಲಿ ಗಂಡೂ ಹೆಣ್ಣೂ ಅಲ್ಲದ ‘ಇತರೆ’ ವರ್ಗದಲ್ಲಿ ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ದಾಖಲಾಗಿದ್ದಾರೆ. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪು ವ್ಯಕ್ತಿಯ ಸ್ವಂತ ಗುರುತಿಗೆ ಮನ್ನಣೆ ಕೊಟ್ಟಿತು. 2019ರಲ್ಲಿ ಬಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ ಮೂರನೆಯ ಸೆಕ್ಷನ್ ಸಾರ್ವಜನಿಕರಿಗೆ ತೆರೆದಿರುವ ಸರಕು, ಸೇವೆ, ಸೌಲಭ್ಯಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. ಆದರೆ ಇಲ್ಲಿನ ಲಿಂಗತ್ವ ಅಲ್ಪಸಂಖ್ಯಾತರಿಗೆ ಎದುರಾಗುವ ತಡೆ ಟ್ರಯಲ್ ರೂಮಿನ ಬೋರ್ಡಿನಲ್ಲಿಲ್ಲ, ಅಂಗಡಿಯ ಮುಂಬಾಗಿಲಲ್ಲಿದೆ. ಬಟ್ಟೆ ಕೊಳ್ಳಲು ಬಂದವರನ್ನು ಕಾಸು ಕೇಳಲು ಬಂದವರೆಂದು ಭಾವಿಸಿ ಹೊರಗಿನಿಂದಲೇ ಸಾಗಹಾಕುವ ಪರಿಪಾಠ ಇರುವ ಕಡೆ ಬ್ರಿಟನ್ನಿನ ವಾದವನ್ನು ಅಲ್ಲಿನ ಪದಗಳೊಂದಿಗೆ ಹಾಗೆಯೇ ತಂದು ನೆಟ್ಟರೆ, ಪರ–ವಿರೋಧಗಳೆರಡೂ ನಮ್ಮಲ್ಲಿ ಇಲ್ಲದ ಸಮಸ್ಯೆಯ ಬಗೆಗಿನ ಮಾತಾಗುತ್ತವೆ.

ಮುಂದೆ ಆಗುವ ಸಾಧ್ಯತೆ

ಸಂಹಿತೆ ಯಾವ ರೂಪದಲ್ಲಿ ಬಂದರೂ ಬ್ರಿಟನ್ನಿನ ದೊಡ್ಡ ಸರಪಳಿ ಅಂಗಡಿಗಳು ಪೂರ್ಣ ಕೋಣೆಗಳತ್ತ ಸರಿಯುವುದು ಹೆಚ್ಚು ಸಂಭವ. ಅದಕ್ಕೊಂದು ಮಾದರಿ ಆಗಲೇ ಇದೆ. ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕಟ್ಟಡ ನಿಯಮಗಳ ಪ್ರಕಾರ ಹೊಸ ವಸತಿಯೇತರ ಕಟ್ಟಡಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಶೌಚಾಲಯ ಇರಬೇಕು. ಎಲ್ಲರಿಗೂ ಒಂದೇ ಬಗೆಯದನ್ನು ಕೊಡುವುದಾದರೆ ಅದು ಒಳಗೇ ಕೈತೊಳೆಯುವ ತೊಟ್ಟಿಯಿರುವ, ಸುತ್ತಲೂ ಪೂರ್ಣ ಗೋಡೆಯ ಸ್ವತಂತ್ರ ಕೋಣೆಯಾಗಿರಬೇಕು. ಬೆರೆಸುವುದಾದರೆ ಬಾಗಿಲು ಕೊಡಿ ಎಂಬ ಈ ಷರತ್ತು ಟ್ರಯಲ್ ರೂಮುಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಈಗಲೂ ಪರದೆ ಸಾಕು.

ಹಾಗಾಗಿ ತೊಂದರೆ ಇರುವುದು ಎರಡೇ ಪರದೆ ನೇತುಹಾಕಿ ಒಂದಕ್ಕೆ ‘ಮಹಿಳೆಯರು’ ಎಂದು ಬರೆದಿರುವ ಸಣ್ಣ ಅಂಗಡಿಯಲ್ಲಿ. ದಾವೆಯ ಭಯಕ್ಕೆ ಆ ಅಂಗಡಿಯ ಮುಂದೆ ಎರಡು ದಾರಿಗಳಿವೆ. ಪರದೆ ತೆಗೆದು ಗೋಡೆ, ಬಾಗಿಲು, ಚಿಲಕ ಹಾಕಿಸುವುದು ಒಂದು. ಅದಕ್ಕೆ ಬಡಗಿ ಬೇಕು, ನಾಲ್ಕು ದಿನ ಬೇಕು, ಬಟ್ಟೆ ಜೋಡಿಸುವ ಒಂದಿಷ್ಟು ಜಾಗ ಹೋಗುತ್ತದೆ. ಗೋಡೆಯ ಮೇಲಿನ ‘ಮಹಿಳೆಯರು’ ಎಂಬ ಸ್ಟಿಕ್ಕರನ್ನು ಉಗುರಿನಿಂದ ಕಿತ್ತು ಹಾಕುವುದು ಇನ್ನೊಂದು. ಅದಕ್ಕೆ ಖರ್ಚಿಲ್ಲ, ಕಾಯ್ದೆಯಲ್ಲಿ ನೇರ ಅಡ್ಡಿಯೂ ಇಲ್ಲ. ಎರಡನೆಯ ದಾರಿ ಹಿಡಿದ ಅಂಗಡಿಯಲ್ಲಿ ಟ್ರಾನ್ಸ್ ಮಹಿಳೆಗೆ ಒಳಹೋಗಲು ತಡೆ ಇರುವುದಿಲ್ಲ, ಆದರೆ ಆಕೆಗೂ ಪಕ್ಕದಲ್ಲಿ ಬಟ್ಟೆ ಬದಲಿಸುತ್ತಿರುವ ಹೆಣ್ಣುಮಗಳಿಗೂ ನಡುವೆ, ಓಣಿಯಲ್ಲಿ ಓಡಾಡುವ ಅಪರಿಚಿತ ಗಂಡಸರಿಗೂ ಇವರಿಬ್ಬರಿಗೂ ನಡುವೆ ಇರುವುದು ಗೋಡೆಗೆ ತಾಗದ ಅದೇ ಪರದೆ.